ಸ್ಪ್ಯಾನರ್ ಜೊತೆಗೆ ಬಿಲ್ ಪುಸ್ತಕವೂ ಬೇಕು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಹಳೇ ಕಾರು, ಹಳೇ ಬೈಕು ಸರಿಮಾಡೋ ಗ್ಯಾರೇಜು ಹೇಗೆ ಶುರು ಮಾಡಿದೆ ಅಂತ ನಾಲ್ಕು ಮಾತು ಹೇಳು ಅಂದಿದ್ದಾರೆ. ಭಾಷಣ ನನಗೆ ಬರಲ್ಲ. ನಡೆದದ್ದನ್ನ ಹೇಳ್ತೀನಿ.

ಆಲಸನತ್ತಂ ಹುಡುಗರಿಗೆ ಗಾಡಿ ಕೆಲಸ ಹೊಸದಲ್ಲ. ಹೊಸೂರಿಗೆ ಅಶೋಕ್ ಲೇಲ್ಯಾಂಡ್, ಟಿವಿಎಸ್ ಕಾರ್ಖಾನೆಗಳು ಬಂದು 40 ವರ್ಷದ ಮೇಲಾಯ್ತು. ಆದರೆ ನಾನು ಕೆಲಸ ಮಾಡಿದ ಗ್ಯಾರೇಜುಗಳಲ್ಲಿ ಗಾಡಿ ಕೆಳಗೆ ಮಲಗೋನು ನಮ್ಮ ಹುಡುಗ, ಮೇಜಿನ ಹಿಂದೆ ಕೂತು ಬಿಲ್ ಬರೆಯೋನು ಬೇರೆ. ಜಾತಿ ಅನ್ನೋದು ಬರೀ ಕೆಲಸದ ಹಂಚಿಕೆ ಅಲ್ಲ, ಕೆಲಸಗಾರರನ್ನೇ ಮೇಲೆ ಕೆಳಗೆ ಮಾಡಿಟ್ಟ ಏರ್ಪಾಟು ಅಂತ ಬಾಬಾಸಾಹೇಬರು 1936ರಲ್ಲೇ ‘ಜಾತಿ ವಿನಾಶ’ದಲ್ಲಿ ತೋರಿಸಿದರು. ಅದನ್ನ ಓದೋಕೆ ಮುಂಚೆನೇ ನಾನು ಗ್ಯಾರೇಜಿನಲ್ಲಿ ನೋಡಿದ್ದೆ. ಹತ್ತು ವರ್ಷ ಟಿಂಕರಿಂಗ್ ಮಾಡಿದೆ. ಒಂದು ಎಸ್ಟಿಮೇಟ್ ಬರೆಯೋಕೂ ಬಿಡಲಿಲ್ಲ.

ಸ್ವಂತ ಮಾಡೋಣ ಅಂತ ಬಾಡಿಗೆ ಶೆಡ್ಡು ಹುಡುಕಿದೆ. ಯಜಮಾನರು ಹೆಸರು ಕೇಳಿದರು, ಊರು ಕೇಳಿದರು, ಆಮೇಲೆ “ಊರಲ್ಲಿ ಯಾವ ಬೀದಿ?” ಅಂದರು. ಹೇಳಿದೆ. ಮಾರನೇ ದಿನ ಅಡ್ವಾನ್ಸ್ ತಗೊಂಡು ಹೋದರೆ, ಶೆಡ್ಡು ಅವರ ಅಳಿಯನಿಗೆ ಬೇಕಂತೆ. ಆರು ತಿಂಗಳು ಅದಕ್ಕೆ ಬೀಗ ಹಾಕೇ ಇತ್ತು. ಕೊನೆಗೆ ಚಿಕ್ಕಪ್ಪನ ಮನೆ ಪಕ್ಕದ ಜಾಗದಲ್ಲಿ ತಗಡು ಹೊದಿಸಿ ಶುರು ಮಾಡಿದೆ.

ಮೊದಲು ಬಂದದ್ದು ಒಂದು ಪ್ರೀಮಿಯರ್ ಪದ್ಮಿನಿ. ಮೇಲೆ ಪೇಂಟು ಚೆನ್ನಾಗಿತ್ತು. ಬಿಚ್ಚಿ ನೋಡದೆ 40 ಸಾವಿರಕ್ಕೆ ಒಪ್ಪಿಕೊಂಡೆ. ಪೇಂಟು ಕೆರೆದರೆ ಒಳಗೆಲ್ಲಾ ಪುಟ್ಟಿ, ಅದರ ಕೆಳಗೆ ತುಕ್ಕು. ಜೀಪಿಗಿರೋ ಹಾಗೆ ಪದ್ಮಿನಿಗೆ ಬೇರೆ ಚಾಸಿಸ್ ಇಲ್ಲ, ಬಾಡಿನೇ ಭಾರ ಹೊರಬೇಕು. ನೆಲದ ತಗಡು ತೂತಾದ ಮೇಲೆ ಪುಟ್ಟಿ ಮೆತ್ತಿದರೆ ನೋಡೋಕೆ ಚೆಂದ, ಕೂತವರಿಗೆ ಅಪಾಯ. ತುಕ್ಕು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿದೆ. ಕೈಯಿಂದಲೇ ದುಡ್ಡು ಹೋಯ್ತು. ಅವತ್ತು ಒಂದು ನೋಟ್ ಪುಸ್ತಕ ತಂದೆ. ಈಗ ಮೊದಲು ಬಿಚ್ಚೋದು, ಫೋಟೋ ತೆಗೆಯೋದು, ಬರೆದು ಸಹಿ ಹಾಕಿಸೋದು. ಆಮೇಲೇ ರೇಟು. ಬಿಚ್ಚಿದ ಒಂದೊಂದು ನಟ್ಟೂ ಚೀಟಿ ಅಂಟಿಸಿದ ಡಬ್ಬಿಗೆ ಹೋಗುತ್ತೆ.

ಆಮೇಲೆ ಯೆಜ್ಡಿಗಳು ಬಂದವು. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು, ಆದರೆ ಆ ಗಾಡಿ ಮೇಲಿನ ಆಸೆ ಮುಚ್ಚಿಲ್ಲ. ಕಿಕ್ಕರ್ರೇ ಗೇರ್ ಆಗೋ ಆ ಬೈಕನ್ನ ಅಪ್ಪನ ನೆನಪಿಗೆ ಅಂತ ತರ್ತಾರೆ.

ತಮ್ಮಂದಿರು ‘ಸ್ಪೀಡ್ ಹೆಚ್ಚಿಸಣ್ಣ, ಸೈಲೆನ್ಸರ್ ಮಾರ್ಪಡಿಸಣ್ಣ’ ಅಂತ ಬರ್ತಾರೆ. ನಾನು ಮೊದಲು ನೋಡೋದು ಬ್ರೇಕು. ಕಾರ್ಬುರೇಟರ್, ಟೈಮಿಂಗ್ ಸರಿಯಾಗಿಟ್ಟರೆ ಅರ್ಧ ಓಟ ತಾನಾಗೇ ವಾಪಸ್ ಬರುತ್ತೆ. ಆರ್‌ಸಿ ಪುಸ್ತಕಕ್ಕೆ ಹೊಂದದ ಹಾಗೆ ಗಾಡಿ ಬದಲಿಸೋದನ್ನ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುತ್ತೆ. 2021ರ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಗೆ ‘ವಿಎ’ ಅನ್ನೋ ವಿಂಟೇಜ್ ನಂಬರು ಸಿಗುತ್ತೆ, ಆದರೆ ಬಾಡಿ, ಎಂಜಿನ್ ಮಾರ್ಪಡಿಸಿರಬಾರದು. ಮೂಲ ಉಳಿಸೋದೇ ನಮ್ಮ ವಿದ್ಯೆ, ಅದಕ್ಕೇ ಬೆಲೆ.

ಸಾಲದ ಮಾತು. 2023ರಲ್ಲಿ ತಮಿಳುನಾಡು ಸರ್ಕಾರ ಅಣ್ಣಲ್ ಅಂಬೇಡ್ಕರ್ ಹೆಸರಲ್ಲಿ ನಮ್ಮವರ ಉದ್ಯಮಕ್ಕೆ ಯೋಜನೆ ತಂದಿತು, ಬಂಡವಾಳಕ್ಕೆ 35 ಪರ್ಸೆಂಟ್ ಸಬ್ಸಿಡಿ. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. ಆದರೆ ಬ್ಯಾಂಕಿನವರು ಕೇಳೋದು ಲೆಕ್ಕ. ನನ್ನ ಎಣ್ಣೆ ಮೆತ್ತಿದ ನೋಟ್ ಪುಸ್ತಕನೇ ಅವತ್ತು ನನ್ನ ಪರವಾಗಿ ಮಾತಾಡಿದ್ದು.

ಸಂಘಕ್ಕೆ ಒಂದೇ ಕೋರಿಕೆ. ವರ್ಷಕ್ಕೆ ಇಬ್ಬರನ್ನ ನನ್ನ ಶೆಡ್ಡಿಗೆ ಕಳಿಸಿ, ಟಿಂಕರಿಂಗ್ ನಾನು ಕಲಿಸ್ತೀನಿ. ಬಿಕಾಂ ಓದಿರೋ ನಮ್ಮ ಹೆಣ್ಣುಮಕ್ಕಳು ಭಾನುವಾರ ಸಂಘದ ಕೋಣೆಯಲ್ಲಿ ಅವರಿಗೆ ಲೆಕ್ಕ ಬರೆಯೋದು ಕಲಿಸಲಿ. ಗಾಡಿ ಕೆಳಗೆ ಮಲಗೋಕೆ ನಮಗೆ ನಾಚಿಕೆ ಇಲ್ಲ. ಎದ್ದು ಕೈ ಒರೆಸಿಕೊಂಡು ಬಿಲ್ ಬರೆಯೋನೂ ನಮ್ಮವನೇ ಆಗಬೇಕು, ಅಷ್ಟೇ.

ಜೈ ಭೀಮ್.