ಹಳೇ ಗಾಡಿಗೂ ಕಾನೂನು ಇದೆ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಊರಿನವರಿಗೆ ಉಪಯೋಗವಾಗುವ ವಿಷಯ ಮಾತಾಡಿ ಎಂದು ಸಮಿತಿಯವರು ಹೇಳಿದರು. ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು ಕಂಪ್ಯೂಟರ್ ಬಗ್ಗೆ ಹೇಳುತ್ತಾನೆ ಎಂದು ನೀವು ಅಂದುಕೊಂಡಿರಬಹುದು. ನಾನು ಸೆಕೆಂಡ್ ಹ್ಯಾಂಡ್ ಕಾರಿನ ಬಗ್ಗೆ ಹೇಳುತ್ತೇನೆ. ನಾವು ಓದುವಾಗ ಮೇಷ್ಟ್ರುಗಳೇ ಸೈಕಲ್ಲಿನಲ್ಲಿ ಬರುತ್ತಿದ್ದರು. ಇವತ್ತು ಶಾಲೆಯ ಮೈದಾನದಲ್ಲಿ ನಿಂತಿರುವ ಕಾರುಗಳಲ್ಲಿ ಎಷ್ಟೋ ಇನ್ನೊಬ್ಬರು ಓಡಿಸಿದ ಮೇಲೆ ನಮ್ಮ ಮನೆಗೆ ಬಂದವು.

ನಮ್ಮ ಚಿಕ್ಕಪ್ಪ ಒಬ್ಬ ಡೀಲರ್ ಹತ್ತಿರ 3,80,000 ರೂಪಾಯಿಗೆ ಕಾರು ತಂದರು. ಅರ್ಧ ಅಡಿಕೆ ಮಾರಿದ ದುಡ್ಡು, ಅರ್ಧ ಸೊಸೈಟಿ ಸಾಲ. ಮೀಟರಿನಲ್ಲಿ 45,000 ಕಿ.ಮೀ. ಇತ್ತು. ಮೂರನೇ ವಾರಕ್ಕೆ ಇಂಜಿನ್ ಕಾದು ದಾರಿಯಲ್ಲೇ ನಿಂತಿತು. ಸರ್ವೀಸ್ ಸೆಂಟರಿನಲ್ಲಿ ವಿಚಾರಿಸಿದರೆ, ಎರಡು ವರ್ಷದ ಹಿಂದೆಯೇ 92,000 ಎಂದು ದಾಖಲಾಗಿತ್ತು! ಡೀಲರನ್ನು ಕೇಳಿದರೆ, ‘ಹಳೇ ಗಾಡಿಗೆ ಗ್ಯಾರಂಟಿ ಇರಲ್ಲ ಯಜಮಾನ್ರೆ’ ಎಂದ. ಬಹಳ ಜನ ಈ ಮಾತಿಗೇ ಸುಮ್ಮನಾಗಿಬಿಡುತ್ತಾರೆ.

ಸುಮ್ಮನಾಗಬೇಕಿಲ್ಲ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಹೊಸ ವಸ್ತುವಿಗೆ ಮಾತ್ರ ಎಂದು ಹೇಳುವುದಿಲ್ಲ. ಹಣ ಕೊಟ್ಟು ವ್ಯಾಪಾರಿಯಿಂದ ಕೊಂಡವನು ಗ್ರಾಹಕ. ಗುಣಮಟ್ಟದ ಬಗ್ಗೆ ಸುಳ್ಳು ಹೇಳಿ ಮಾರುವುದು, ಬಿಲ್ಲು ಕೊಡದಿರುವುದು, ದೋಷವಿರುವ ವಸ್ತುವನ್ನು ವಾಪಸು ಪಡೆಯದಿರುವುದು, ಇವೆಲ್ಲ ಅನುಚಿತ ವ್ಯಾಪಾರ ಪದ್ಧತಿಗಳು. ‘ಇದ್ದ ಸ್ಥಿತಿಯಲ್ಲೇ ಮಾರಾಟ’ ಎಂದು ಬರೆಸಿಕೊಂಡ ಮಾತ್ರಕ್ಕೆ ಸುಳ್ಳು ನಿಜವಾಗುವುದಿಲ್ಲ. ಹಾಗೆಂದು ಸವೆದ ಟೈರು, ಬ್ರೇಕ್ ಪ್ಯಾಡಿಗೆಲ್ಲ ದೂರು ಕೊಡಲಾಗದು. ಅದು ಹಳೆಯ ಗಾಡಿಯ ಸಹಜ ಸವೆತ.

ಎರಡು ವಿಷಯ ನೆನಪಿರಲಿ. ವ್ಯಾಪಾರಿಯಲ್ಲದ ಪಕ್ಕದ ಮನೆಯವರಿಂದ ಕಾರು ಕೊಂಡರೆ ಈ ಕಾಯ್ದೆಯ ದಾರಿ ಸಾಮಾನ್ಯವಾಗಿ ಸಿಗದು. ಆದರೆ ಸ್ವಂತ ದುಡಿಮೆಯ ಜೀವನೋಪಾಯಕ್ಕೆಂದೇ ಟ್ಯಾಕ್ಸಿ ಕೊಂಡ ನಮ್ಮ ಹುಡುಗರೂ ಗ್ರಾಹಕರೇ.

ದೂರು ಕೊಡುವುದು ಕಷ್ಟವಲ್ಲ. ಮೊದಲು ಡೀಲರಿಗೆ ಬರಹದಲ್ಲಿ ನೋಟಿಸ್ ಕೊಡಿ. 1915 ಸಹಾಯವಾಣಿಗೆ ಕರೆ ಮಾಡಿ. ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಕಾರು ಬೆಂಗಳೂರಿನಲ್ಲಿ ಕೊಂಡಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಕೀಲರು ಕಡ್ಡಾಯವಲ್ಲ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ದೋಷ ಸರಿಪಡಿಸಿ, ಹಣ ಹಿಂದಿರುಗಿಸಿ, ಪರಿಹಾರ ಕೊಡಿ ಎಂದು ಆದೇಶಿಸುವ ಅಧಿಕಾರ ಆಯೋಗಕ್ಕಿದೆ.

ಇಂಜಿನಿಯರ್ ಆಗಿ ಒಂದು ಮಾತು. ಈಚಿನ ಕಾರುಗಳಲ್ಲಿ ಸ್ಟೇರಿಂಗ್ ಕೆಳಗೆ ಒ.ಬಿ.ಡಿ. ಎಂಬ ಪೋರ್ಟ್ ಇರುತ್ತದೆ. ಮೆಕ್ಯಾನಿಕ್ಕಿನ ಸ್ಕ್ಯಾನರ್ ಅದಕ್ಕೆ ಹಾಕಿದರೆ ಇಂಜಿನ್ನಿನ ದೋಷದ ಕೋಡುಗಳು ಕಾಣುತ್ತವೆ. ಮಾರುವ ಮುಂಚೆ ಕೋಡು ಅಳಿಸಿದ್ದರೆ, ಗಾಡಿಯ ಸ್ವಯಂ ಪರೀಕ್ಷೆಗಳು ‘ಮುಗಿದಿಲ್ಲ’ ಎಂದು ತೋರಿಸಬಹುದು. ಅದು ಅನುಮಾನಕ್ಕೆ ಕಾರಣ. ಟೈರಿನ ಮೇಲಿನ ನಾಲ್ಕು ಅಂಕಿ ಅದು ತಯಾರಾದ ವಾರ ಮತ್ತು ವರ್ಷ. 2318 ಎಂದರೆ 2018ರ 23ನೇ ವಾರ. ಮೀಟರ್ ತಿದ್ದಬಹುದು, ಸವೆದ ಪೆಡಲ್ ಸುಳ್ಳು ಹೇಳುವುದಿಲ್ಲ. ಆರ್.ಸಿ.ಯಲ್ಲಿ ಬ್ಯಾಂಕಿನ ಸಾಲ ನಮೂದಾಗಿದೆಯೇ ನೋಡಿ. ಡೀಲರಿಗೆ ಸಾರಿಗೆ ಇಲಾಖೆಯ ಅಧಿಕಾರಪತ್ರ ಇದೆಯೇ ಕೇಳಿ. 2023ರ ಏಪ್ರಿಲ್‌ನಿಂದ ಆ ನಿಯಮ ಜಾರಿಯಲ್ಲಿದೆ.

ಚಿಕ್ಕಪ್ಪನ ಕೈಯಲ್ಲಿ ಮೂರು ದಾಖಲೆ ಇದ್ದವು: ಬಿಲ್ಲು, ‘45 ಸಾವಿರ ಓಡಿದೆ’ ಎಂದು ಡೀಲರ್ ಕಳಿಸಿದ್ದ ವಾಟ್ಸಾಪ್ ಸಂದೇಶ, ಸರ್ವೀಸ್ ದಾಖಲೆ. ಮೂರರ ಪ್ರತಿಯನ್ನೂ ಲಗತ್ತಿಸಿ ನೋಟಿಸ್ ಕಳಿಸಿದೆವು. ಗಡುವು ಮುಗಿಯುವ ಮೊದಲೇ ಆತ ಗಾಡಿ ವಾಪಸು ಪಡೆದು, 20,000 ಹಿಡಿದುಕೊಂಡು ಉಳಿದ ಹಣ ಕೊಟ್ಟ. ಸೊಸೈಟಿ ಸಾಲದ ಕಂತು ಕಟ್ಟಬೇಕಿದ್ದ ಚಿಕ್ಕಪ್ಪ ಅಷ್ಟಕ್ಕೆ ಒಪ್ಪಿಕೊಂಡರು.

ಮಕ್ಕಳೆ, ಮನೆಯಲ್ಲಿ ಅಪ್ಪ ಅಮ್ಮ ಸಹಿ ಹಾಕುವ ಮುನ್ನ ಕಾಗದವನ್ನು ಗಟ್ಟಿಯಾಗಿ ಓದಿ ಹೇಳಿ. ಬಿಲ್ಲನ್ನು ಜೋಪಾನವಾಗಿಡಿ. ಓದು ಬರಹ ಕಲಿಸಿದ ಈ ಶಾಲೆಗೆ ಅದೂ ಒಂದು ಕಾಣಿಕೆ.