ಲಗ್ನದ ಹೂವಿನ ಲೆಕ್ಕ


ಮನೆಯಲ್ಲಿ ಲಗ್ನ ಬಂತೆಂದರೆ ಹೂವಿಗಾಗಿ ದಾವಣಗೆರೆ, ಹರಿಹರದ ಪೇಟೆಗೆ ಲೆಕ್ಕವಿಲ್ಲದೆ ಹೋಗಬೇಡ್ರಿ. ಮೊದಲು ಹಗ್ಗ ಹಿಡಿದು ಹಂದರ, ಬಾಗಿಲು ಅಳೆಯಿರಿ. ನಾಲ್ಕು ಮೊಳಕ್ಕೆ ಒಂದು ಮಾರು. ಬಳಿಕ ಕಾಲು ಕಿಲೋ ಚೆಂಡುಹೂ ತಂದು ಪೋಣಿಸಿ ನೋಡ್ರಿ. ಅದು ಅರ್ಧ ಮಾರು ಆಯಿತೆನ್ನಿ. 20 ಮಾರಿಗೆ 10 ಕಿಲೋ ಬೇಕು. ಉದುರಿದ್ದಕ್ಕೆ, ಬಾಡಿದ್ದಕ್ಕೆ ಇನ್ನೊಂದು ಕಿಲೋ ಹಿಡಿಯಿರಿ. ಪೇಟೆಯ ದರದಿಂದ 11ನ್ನು ಗುಣಿಸಿ, ದಾರ, ಬಸ್ಸಿನ ಖರ್ಚು ಕೂಡಿಸಿರಿ. ಹಬ್ಬ ಎದುರಿಗಿದ್ದರೆ ದರ ಏರುತ್ತದೆ, ನೆನಪಿರಲಿ. ಹಿಂದಿನ ರಾತ್ರಿ ಓಣಿಯವರೆಲ್ಲ ಕೂತು ಕಟ್ಟಿದರೆ ಕಟ್ಟುವ ಕೂಲಿ ಉಳಿಯಿತು. ಭದ್ರಾ ನಾಲೆಯ ನೀರಿರುವವರು ಮೂರು ತಿಂಗಳು ಮೊದಲೇ ಹೊಲದ ಬದುವಿಗೆ ಚೆಂಡುಹೂವಿನ ಬೀಜ ಹಾಕಿದರೆ ಕೊಳ್ಳುವ ಖರ್ಚೂ ಇಳಿದೀತು. ಸಂಜೆಗೆ ಬಾಡುವ ಹೂವಿಗೆ ವರ್ಷಗಟ್ಟಲೆ ತೀರಿಸುವ ಸಾಲ ಬೇಡ.