ಮೊದಲನೇದು ಆಪರೇಷನ್, ಎರಡನೇದು ನಾರ್ಮಲ್ ಆಗುತ್ತಾ?

(ತಾಳವಾಡಿಯಲ್ಲಿ ಸಂಘದ ವಾರ್ಷಿಕೋತ್ಸವದ ದಿನ ಆಡಿದ ಮಾತಿನ ಬರಹ ರೂಪ)



 ಪಟ್ಟಿಯಲ್ಲಿ ನನ್ನ ಮಾತಿಗೆ ‘ಮಹಿಳಾ ಆರೋಗ್ಯ’ ಅಂತ ಹೆಸರು ಹಾಕಿದ್ದೀರಿ. ಅದು ದೊಡ್ಡ ಹೆಸರಾಯ್ತು. ನಾನು ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡೋ ನರ್ಸು. ಊರಿಗೆ ಬಂದಾಗಲೆಲ್ಲ ನಮ್ಮ ಬೀದಿಯಲ್ಲಿ ಕೇಳುವ ಒಂದೇ ಪ್ರಶ್ನೆಗೆ ಉತ್ತರ ಹೇಳಿ ಇಳೀತೀನಿ. ಹಿಂದೆ ಎದ್ದು ಹೋಗ್ತಿರೋ ಹುಡುಗರು ದಯವಿಟ್ಟು ಕೂತ್ಕೊಳ್ಳಿ. ಆಸ್ಪತ್ರೆ ಬಾಗಿಲಲ್ಲಿ ‘ಯಾರಪ್ಪಾ ಗಂಡ, ಬಂದು ಸಹಿ ಹಾಕು’ ಅಂತ ಕರೆಯೋದು ನಿಮ್ಮನ್ನೇ. ಇದು ಹೆಂಗಸರ ವಿಷಯ ಅಂತ ಬಾಬಾಸಾಹೇಬರು ಎದ್ದು ಹೋಗಲಿಲ್ಲ. 1928ರಲ್ಲಿ ಬೊಂಬಾಯಿ ಶಾಸನ ಸಭೆಯಲ್ಲಿ ಕೂಲಿ ಹೆಂಗಸರ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಎದ್ದು ನಿಂತು ಅದರ ಪರವಾಗಿ ಮಾತಾಡಿದರು.

ಪ್ರಶ್ನೆ ಇದು. ಮೊದಲನೇ ಕೂಸು ಹೊಟ್ಟೆ ಕುಯ್ದು ತೆಗೆದದ್ದು. ಎರಡನೇದು ನಾರ್ಮಲ್ ಆಗುತ್ತಾ?

ಇದಕ್ಕೆ ನಮ್ಮಲ್ಲಿ ಎರಡು ಉತ್ತರ ಸಿದ್ಧ ಇವೆ. ಒಬ್ಬರು ‘ಒಂದ್ಸಲ ಕುಯ್ದ ಮೇಲೆ ಮುಗೀತು, ಇನ್ನು ಎಲ್ಲಾ ಕುಯ್ಯೋದೇ’ ಅಂತಾರೆ. ಇನ್ನೊಬ್ಬರು ‘ನಾನು ಐದು ಹೆತ್ತೆ ಮನೇಲೇ, ನೀನು ಆಸ್ಪತ್ರೆಗೆ ಹೋಗಬೇಡ, ಹೋದ್ರೆ ಮತ್ತೆ ಕುಯ್ತಾರೆ’ ಅಂತಾರೆ. ಮೊದಲನೇ ಮಾತು ಅರ್ಧ ತಪ್ಪು. ಎರಡನೇ ಮಾತು ಪ್ರಾಣ ತೆಗೆಯೋ ಮಾತು.

ಒಂದ್ಸಲ ಕುಯ್ದರೆ ಯಾವಾಗಲೂ ಕುಯ್ಯೋದೇ ಅನ್ನುವುದನ್ನು ಹೇಳಿದವನು ನ್ಯೂಯಾರ್ಕಿನ ಡಾಕ್ಟರ್ ಎಡ್ವಿನ್ ಕ್ರಾಗಿನ್, 1916ರಲ್ಲಿ. ಆವಾಗ ಗರ್ಭಚೀಲವನ್ನು ಮೇಲಿಂದ ಕೆಳಕ್ಕೆ ಉದ್ದಕ್ಕೆ ಸೀಳ್ತಿದ್ದರು. ಆ ಗಾಯ ಮುಂದಿನ ಬ್ಯಾನೆಯಲ್ಲಿ ಬಿಟ್ಟುಕೊಳ್ಳೋದು ಹೆಚ್ಚು. ಅದಕ್ಕೇ ಮೊದಲನೇ ಆಪರೇಷನ್ನೇ ಸುಮ್ಮಸುಮ್ಮನೆ ಮಾಡಬೇಡಿ ಅಂತ ಎಚ್ಚರಿಸೋಕೆ ಆತ ಹಾಗಂದ. ಆಮೇಲೆ ಕೆಳಭಾಗದಲ್ಲಿ ಅಡ್ಡಕ್ಕೆ ಸಣ್ಣದಾಗಿ ಕುಯ್ಯುವ ಪದ್ಧತಿ ಬಂತು. ಈಗ ಹೆಚ್ಚು ಕಡಿಮೆ ಎಲ್ಲ ಕಡೆ ಅದೇ. ಗಾಯದ ಜಾಗ ಬದಲಾಯ್ತು, ಮಾತು ಮಾತ್ರ ನೂರು ವರ್ಷದಿಂದ ಹಾಗೇ ಓಡಾಡ್ತಿದೆ.

ಈಗ ಲೆಕ್ಕ ಕೇಳಿ. ಹಿಂದೆ ಒಂದೇ ಆಪರೇಷನ್ ಆಗಿ, ಅಡ್ಡ ಗಾಯ ಇದ್ದು, ಬೇರೆ ತೊಂದರೆ ಇಲ್ಲದವರು ನಾರ್ಮಲ್‌ಗೆ ಪ್ರಯತ್ನ ಪಟ್ಟರೆ 100ಕ್ಕೆ 60ರಿಂದ 80 ಜನಕ್ಕೆ ಆಗುತ್ತೆ. ಮುಂಚೆ ಒಂದು ನಾರ್ಮಲ್ ಹೆರಿಗೆಯೂ ಆಗಿದ್ದರೆ ಇನ್ನೂ ಹೆಚ್ಚು. ಮಿಕ್ಕವರಿಗೆ ಬ್ಯಾನೆ ತಿಂದ ಮೇಲೂ ಆಪರೇಷನ್ನೇ ಆಗುತ್ತೆ. ಭಯ ಇರೋದು ಹಳೇ ಗಾಯ ಬಿಟ್ಟುಕೊಳ್ಳೋದರಲ್ಲಿ. ಅದು 1000ಕ್ಕೆ ಸುಮಾರು 5 ಜನಕ್ಕೆ ಆಗುತ್ತೆ. ಕಮ್ಮಿ ಅನ್ನಿಸುತ್ತೆ, ಕಮ್ಮಿಯೇ. ಆದರೆ ಆ ಐದರಲ್ಲಿ ಒಬ್ಬಳು ನೀವಾದರೆ ಸಮಯ ಗಂಟೆಯಲ್ಲಿ ಇರಲ್ಲ, ನಿಮಿಷದಲ್ಲಿ ಇರುತ್ತೆ. ತಾಯಿ ಒಳಗೇ ರಕ್ತ ಕಳಕೊಳ್ತಾಳೆ, ಕೂಸಿಗೆ ಉಸಿರು ಸಿಗಲ್ಲ. ಆ ಹೊತ್ತಲ್ಲಿ ಪಕ್ಕದ ಕೋಣೆಯಲ್ಲೇ ಥಿಯೇಟರ್ ಇರಬೇಕು, ಕುಯ್ಯೋ ಡಾಕ್ಟರು, ಅರಿವಳಿಕೆ ಡಾಕ್ಟರು, ರಕ್ತ ಎಲ್ಲ ಇರಬೇಕು. ಮನೇಲಿ ಪ್ರಯತ್ನ ಬೇಡ ಅನ್ನೋದು ಇದಕ್ಕೆ.

ಹಂಗಾದ್ರೆ ಆಪರೇಷನ್ನೇ ವಾಸಿ, ದಿನ ನೋಡಿ ಮಾಡಿಸಿಬಿಡೋಣ ಅಂತೀರಾ? ಕೆಲವರಿಗೆ ಅದೇ ಸರಿ. ಆದರೆ ಪ್ರತಿ ಆಪರೇಷನ್ನಿನಲ್ಲೂ ಮುಂದಿನ ಬಸುರಿಗೆ ಒಂದು ಸಾಲ ಉಳಿಯುತ್ತೆ. ಹಳೇ ಗಾಯದ ಮೇಲೆ ಮಾಸು, ನಮ್ಮ ಕಡೆ ಕಸ ಅಂತೀವಲ್ಲ, ಅದು ಬೇರು ಬಿಟ್ಟಂಗೆ ಅಂಟಿಕೊಳ್ಳಬಹುದು. ಎರಡು ಆಪರೇಷನ್ ಆದವಳಿಗೆ ಮೂರನೇ ಬಸುರಿನಲ್ಲಿ ಮಾಸು ಕೆಳಗೆ, ಬಾಯಿಗೆ ಅಡ್ಡ ಕೂತಿದ್ದರೆ, ಹಾಗೆ ಅಂಟಿರೋ ಸಾಧ್ಯತೆ 100ಕ್ಕೆ 40ರವರೆಗೆ ಇದೆ. ಕೀಳೋಕೆ ಹೋದರೆ ರಕ್ತ ನಿಲ್ಲಲ್ಲ, ಎಷ್ಟೋ ಸಲ ಗರ್ಭಚೀಲವನ್ನೇ ತೆಗೀಬೇಕಾಗುತ್ತೆ. ಇನ್ನೊಂದು, ಅರಿಶಿನ ಕೀಳೋಕೆ, ಬಾಳೆಗೊನೆ ಹೊರೋಕೆ ಹೋಗುವವಳಿಗೆ ಆಪರೇಷನ್ ಆದ ಮೇಲೆ ಕೂಲಿ ಎಷ್ಟು ದಿನ ಹೋಗುತ್ತೆ ಅಂತ ನಿಮಗೇ ಗೊತ್ತು. ಆ ಲೆಕ್ಕವನ್ನ ಯಾವ ಡಾಕ್ಟರೂ ಕೇಳಲ್ಲ. ನಾವೇ ಹೇಳಬೇಕು. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 100 ಹೆರಿಗೆಯಲ್ಲಿ 21 ಆಪರೇಷನ್ ಆದರೆ, ನಮ್ಮ ತಮಿಳುನಾಡಲ್ಲಿ ಸುಮಾರು 45. ಅಂದರೆ ಈ ಪ್ರಶ್ನೆ ನಮ್ಮ ಮನೆಮನೆಗೂ ಬಂದೇ ಬರುತ್ತೆ.

ಯಾರು ಪ್ರಯತ್ನ ಪಡಬಹುದು, ಯಾರು ಬೇಡ? ಉದ್ದ ಗಾಯ ಇದ್ದವರಿಗೆ, ಹಿಂದೆ ಗರ್ಭಚೀಲ ಬಿಟ್ಟುಕೊಂಡವರಿಗೆ, ಈ ಸಲ ಕೂಸು ಅಡ್ಡ ಇದ್ದರೆ ಅಥವಾ ಮಾಸು ಬಾಯಿಗೆ ಬಂದಿದ್ದರೆ ಬೇಡವೇ ಬೇಡ. ಹೊಟ್ಟೆ ಮೇಲಿನ ಗೆರೆ ನೋಡಿ ಒಳಗಿನ ಗಾಯ ಹೇಳೋಕಾಗಲ್ಲ, ಹೊರಗೆ ಅಡ್ಡ ಇದ್ದು ಒಳಗೆ ಉದ್ದ ಇರಬಹುದು. ಹಿಂದಿನ ಹೆರಿಗೆಗೂ ಈ ಹೆರಿಗೆಗೂ ಒಂದೂವರೆ ವರ್ಷ ಕೂಡ ಆಗಿಲ್ಲದಿದ್ದರೆ ಗಾಯ ಬಿಡುವ ಭಯ ಜಾಸ್ತಿ. ಎರಡು ಆಪರೇಷನ್ ಆದವರಲ್ಲೂ ದೊಡ್ಡ ಆಸ್ಪತ್ರೆಗಳಲ್ಲಿ ಕೆಲವರಿಗೆ ನಾರ್ಮಲ್ ಆಗಿದೆ, ಆದರೆ ಭಯ 100ಕ್ಕೆ 1ರ ಮೇಲೆ ಹೋಗುತ್ತೆ. ಬೆಟ್ಟದ ಮೇಲಿರುವ ನಮ್ಮಂಥೋರಿಗೆ ಅದನ್ನ ನಾನು ಹೇಳಲ್ಲ. ಹಿಂದೆ ಯಾಕೆ ಕುಯ್ದರು ಅನ್ನೋದೂ ಮುಖ್ಯ. ಕೂಸಿನ ಬುಡ ಕೆಳಗಿತ್ತು ಅಂತ ಕುಯ್ದಿದ್ದರೆ, ಈ ಸಲ ತಲೆ ಕೆಳಗಿದ್ದರೆ ಆ ಕಾರಣವೇ ಇಲ್ಲ. ‘ದಾರಿ ಸಾಲಲಿಲ್ಲ, ಬ್ಯಾನೆ ತಿಂದು ತಿಂದು ಕೂಸು ಇಳೀಲಿಲ್ಲ’ ಅಂತಾಗಿದ್ದರೆ ಈ ಸಲ ಆಗುವ ಸಾಧ್ಯತೆ ಸ್ವಲ್ಪ ಕಮ್ಮಿ.

ಇದೆಲ್ಲ ತಿಳಿಯೋದು ಒಂದೇ ಒಂದು ಕಾಗದದಲ್ಲಿ. ಬಿಡುಗಡೆ ಚೀಟಿ, ಡಿಸ್ಚಾರ್ಜ್ ಸಮ್ಮರಿ. ಅದನ್ನ ನಮ್ಮಲ್ಲಿ ಸೂರಿನ ಸಂದಿಗೆ ಸಿಕ್ಕಿಸಿರ್ತಾರೆ, ಮಳೆಗೆ ನೆನೆದು ಗೆದ್ದಲು ತಿಂದಿರುತ್ತೆ. ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಇಡಿ. ಅದರಲ್ಲಿ ಎಲ್.ಎಸ್.ಸಿ.ಎಸ್. ಅಂತ ಇದ್ದರೆ ಕೆಳಭಾಗದ ಗಾಯ ಅಂತ ಅರ್ಥ. ಅದರ ಪಕ್ಕದಲ್ಲೇ ಕಾರಣ ಬರೆದಿರ್ತಾರೆ. ನಮ್ಮ ಹಿರಿಯರಿಗೆ ಕನ್ನಡ ಬಿಟ್ಟು ಓದೋಕೆ ಬರಲ್ಲ, ಚೀಟಿ ಇಂಗ್ಲಿಷಲ್ಲಿ, ನರ್ಸಮ್ಮನ ಮಾತು ತಮಿಳಲ್ಲಿ. ಕಾಲೇಜಿಗೆ ಹೋಗೋ ತಮ್ಮಂದಿರೇ, ಇಲ್ಲಿ ನಿಮ್ಮ ಓದು ಬೇಕು. ಅಕ್ಕನ ಚೀಟಿ, ಅತ್ತಿಗೆಯ ಚೀಟಿ ಓದಿ ಹೇಳೋಕೆ ನಾಚಿಕೆ ಯಾಕೆ?

ಇನ್ನು ದಾರಿ. ಇಲ್ಲಿಂದ ಸತ್ಯಮಂಗಲಕ್ಕೆ ಇಳಿಯೋಕೆ ದಿಂಬಂ ಘಾಟಿಯ 27 ತಿರುವು. ರಾತ್ರಿ ನಿರ್ಬಂಧದಲ್ಲಿ ಆಂಬುಲೆನ್ಸನ್ನು ಬಿಡ್ತಾರೆ, ಸರಿ. ಆದರೆ ಲಾರಿ ಮಗುಚಿ ಬಿದ್ದಿದ್ದರೆ, ಆನೆ ಕಬ್ಬಿಗೆ ಕಾದು ನಿಂತಿದ್ದರೆ ಚೆಕ್‌ಪೋಸ್ಟಿನವರು ಏನು ಮಾಡ್ತಾರೆ? ಚಾಮರಾಜನಗರದ ಮೆಡಿಕಲ್ ಕಾಲೇಜು ಆಸ್ಪತ್ರೆ ಹತ್ತಿರ, ದಾರಿಯೂ ಸಮತಟ್ಟು, ಭಾಷೆಯೂ ನಮ್ಮದೇ. ಗಡಿ ಆಚೆ ಅಂತ ಹಿಂಜರಿಯಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಆಪರೇಷನ್, ಔಷಧಿ, ರಕ್ತ ಎಲ್ಲ ಉಚಿತ ಅನ್ನೋ ಜನನಿ ಶಿಶು ಸುರಕ್ಷಾ ಯೋಜನೆ 2011ರಿಂದ ಇದೆ. ಅದು ಕೇಂದ್ರದ್ದು, ಎರಡೂ ಕಡೆ ಇದೆ. ಎಲ್ಲಿಗೆ ಅನ್ನೋದನ್ನ ಬ್ಯಾನೆ ಬಂದ ರಾತ್ರಿ ತೀರ್ಮಾನ ಮಾಡಬೇಡಿ. ಏಳನೇ ತಿಂಗಳಲ್ಲಿ ಚೀಟಿ ಹಿಡಿದು ಹೋಗಿ ಡಾಕ್ಟರನ್ನ ಕೇಳಿ: ನನ್ನ ಗಾಯ ಯಾವುದು, ನಾನು ಪ್ರಯತ್ನ ಪಡಬಹುದಾ, ರಾತ್ರಿ ಹೊತ್ತು ಇಲ್ಲಿ ಥಿಯೇಟರ್ ಇರುತ್ತಾ, ಅರಿವಳಿಕೆ ಡಾಕ್ಟರ್ ಇರ್ತಾರಾ, ನಮ್ಮ ಗುಂಪಿನ ರಕ್ತ ಇದೆಯಾ? ‘ಇಲ್ಲ’ ಅಂದರೆ ಅಲ್ಲಿ ನಾರ್ಮಲ್‌ಗೆ ಕಾಯಬೇಡಿ. ಒಂಬತ್ತು ತುಂಬಿದ ಮೇಲೆ ಆಸ್ಪತ್ರೆ ಹತ್ತಿರದ ನೆಂಟರ ಮನೆಯಲ್ಲಿ ಇರೋದು ಒಳ್ಳೇದು.

ಬ್ಯಾನೆ ಬರ್ಲಿ ಅಂತ ಹರಳೆಣ್ಣೆ ಕುಡಿಸೋದು, ಕಷಾಯ ಕೊಡೋದು, ಊರಿನ ಸೂಜಿ ಡಾಕ್ಟರ ಹತ್ರ ನೋವಿನ ಇಂಜೆಕ್ಷನ್ ಹಾಕಿಸೋದು, ಇವು ಆಪರೇಷನ್ ಆದವಳಿಗೆ ಬೇಡ. ಬ್ಯಾನೆ ಬರಿಸುವ ಕೆಲವು ಮಾತ್ರೆ ಹಳೇ ಗಾಯಕ್ಕೆ ಅಪಾಯ. ಅದಕ್ಕೇ ಯಾವ ಆಸ್ಪತ್ರೆಗೆ ಕಾಲಿಟ್ಟರೂ ಮೊದಲನೇ ಮಾತು ‘ನನಗೆ ಹಿಂದೆ ಆಪರೇಷನ್ ಆಗಿದೆ’ ಅನ್ನೋದೇ ಆಗಿರಲಿ. ಒಂದು ಬ್ಯಾನೆಗೂ ಇನ್ನೊಂದಕ್ಕೂ ನಡುವೆ ಗಾಯದ ಜಾಗದಲ್ಲಿ ನೋವು ಬಿಡದೇ ಇದ್ದರೆ, ರಕ್ತ ಹೋದರೆ, ಬರ್ತಿದ್ದ ಬ್ಯಾನೆ ತಟ್ಟನೆ ನಿಂತರೆ, ಕೂಸಿನ ಆಟ ಕಮ್ಮಿಯಾದರೆ ಕೂಗಿ ಹೇಳಿ.

ಕೂಗಿದರೆ ಬಯ್ತಾರೆ ಅಂತ ನಮ್ಮವರು ಹಲ್ಲು ಕಚ್ಚಿಕೊಂಡು ಮಲಗಿರ್ತಾರೆ. ನಾನು ಆ ಕೋಣೆಯಲ್ಲೇ ಇರೋಳು, ಯಾರಿಗೆ ಎಂಥ ಬೈಗುಳ ಬೀಳುತ್ತೆ ಅಂತ ಕಂಡಿದ್ದೀನಿ. ಹೆಸರು, ಊರಿನ ಬೀದಿ ಕೇಳಿದ ಮೇಲೆ ದನಿ ಬದಲಾಗೋದನ್ನೂ ಕಂಡಿದ್ದೀನಿ. ಆದರೂ ಹೇಳ್ತೀನಿ, ಕೂಗಿ. ಸಹಿಯೂ ಅಷ್ಟೆ. ವಯಸ್ಸಿಗೆ ಬಂದ ಹೆಂಗಸಿನ ಒಪ್ಪಿಗೆ ಅವಳದೇ, ಗಂಡನದಲ್ಲ, ಅತ್ತೆಯದಲ್ಲ. ಕಾಗದದಲ್ಲಿ ಏನಿದೆ ಅಂತ ಓದಿಸಿ ಕೇಳಿ. ಹೊಟ್ಟೆ ಕುಯ್ಯೋ ಸಹಿ ಬೇರೆ, ಮಕ್ಕಳಾಗದ ಆಪರೇಷನ್ ಸಹಿ ಬೇರೆ. ಬೇಡ ಅನ್ನಿಸಿದರೆ ಎರಡನೇದಕ್ಕೆ ಬೇಡ ಅನ್ನಬಹುದು. ಬೇಕು ಅಂದ್ರೆ ಅದೂ ನಿಮ್ಮಿಷ್ಟ. ಹಾಗೇ, ಎಲ್ಲ ಕೇಳಿದ ಮೇಲೆ ‘ನನಗೆ ಪ್ರಯತ್ನ ಬೇಡ, ಆಪರೇಷನ್ನೇ ಮಾಡಿ’ ಅನ್ನುವ ತಂಗಿಯನ್ನು ‘ನೋವಿಗೆ ಹೆದರಿದಳು’ ಅಂತ ಯಾರೂ ಆಡಿಕೊಳ್ಳಬಾರದು.

ಸಂಘದವರಿಗೆ ಒಂದು ಕೆಲಸ. ಈಗ ಊಟಕ್ಕೆ ಕೂರುವ ಮುಂಚೆ ಒಂದು ನೋಟ್‌ಬುಕ್ಕು ಸುತ್ತಿಸ್ತೀನಿ. ನಿಮ್ಮ ಹೆಸರು, ರಕ್ತದ ಗುಂಪು, ಫೋನ್ ನಂಬರ್ ಬರೀರಿ. ಗುಂಪು ಗೊತ್ತಿಲ್ಲದವರು ಹೆಸರಾದರೂ ಬರೀರಿ, ಪರೀಕ್ಷೆ ಮಾಡಿಸೋಣ. ರಾತ್ರಿ ಕರೆದರೆ ಬರುವ ಆಟೋ, ಜೀಪ್ ಇರೋರು ಹೆಸರಿನ ಮುಂದೆ ಒಂದು ಗೆರೆ ಎಳೀರಿ. ನಮ್ಮ ಬೀದಿಯಲ್ಲಿ ಈಗ ಆಪರೇಷನ್ ಆಗಿ ಮತ್ತೆ ಬಸುರಿ ಇರೋರು ನನಗೆ ಗೊತ್ತಿದ್ದಂತೆ ಮೂವರು. ಅವರ ಮನೆಯವರು ಇಲ್ಲೇ ಇದ್ದೀರಿ, ಊಟ ಆದ ಮೇಲೆ ಚೀಟಿ ತಗೊಂಡು ಬನ್ನಿ, ಕೂತು ಓದೋಣ.